‘ಸಾಕು’ ಎನ್ನಬಲ್ಲ ಯಂತ್ರ

ಮನೆಯಲ್ಲಿ ವಯಸ್ಸಾದವರೊಬ್ಬರಿದ್ದರೆ ಅವರ ತಲೆದೆಸೆಯಲ್ಲಿ ಏನೇನಿರುತ್ತವೆಂಬುದನ್ನು ನಾನು ಹೇಳಬೇಕಾಗಿಲ್ಲ. ನೀರಿನ ತಂಬಿಗೆ, ಕನ್ನಡಕದ ಪೆಟ್ಟಿಗೆ, ನೋವಿನ ಎಣ್ಣೆಯ ಕುಪ್ಪಿ, ಒಂದು ಟಾರ್ಚು. ನನ್ನ ತಾಯಿಯವರ ತಲೆದೆಸೆಯಲ್ಲಿ ಇವುಗಳ ಜೊತೆಗೆ ಒಂದು ಟ್ರಾನ್ಸಿಸ್ಟರ್ ರೇಡಿಯೋ ಕೂಡ ಇದೆ. ತೊಂಬತ್ತರ ಅಂಚಿನಲ್ಲಿರುವ ಅವರಿಗೆ ಕಣ್ಣು ಮಸುಕಾಗಿದೆ. ಕಿವಿ ಮಾತ್ರ ಇನ್ನೂ ಚುರುಕಾಗಿದೆ. ಬೆಳಗಿನ ಭಕ್ತಿಗೀತೆಯಿಂದ ರಾತ್ರಿಯ ವಾರ್ತೆಯವರೆಗೆ ಲೋಕವು ಅವರ ಬಳಿಗೆ ಬರುವುದು ಆ ಪುಟ್ಟ ಪೆಟ್ಟಿಗೆಯ ಮೂಲಕವೇ. ನಮ್ಮದು ಮಲೆನಾಡಿನ ಹಳ್ಳಿ. ಮಳೆ ಹಿಡಿಯಿತೆಂದರೆ ವಿದ್ಯುತ್ತು ಹೋದದ್ದು ಯಾವಾಗ ಬಂದೀತೆಂದು ಹೇಳುವವರಿಲ್ಲ. ಹೀಗಾಗಿ ರೇಡಿಯೋ ನಡೆಯುವುದು ಪೆನ್ಸಿಲ್ ಸೆಲ್ಲುಗಳ ಮೇಲೆ. ಒಂದು ಸಲಕ್ಕೆ ನಾಲ್ಕು ಬೇಕು. ಅವು ಮುಗಿದೊಡನೆ ಎಸೆದು ಹೊಸದನ್ನು ತರುವುದು ನನಗೆ ಬೇಸರವಾಗಿ, ಮತ್ತೆ ಮತ್ತೆ ವಿದ್ಯುತ್ತು ತುಂಬಿಸಿ ಬಳಸುವಂಥ ಸೆಲ್ಲುಗಳನ್ನು ತಂದೆ. ಅವುಗಳ ಹಿಂದೆಯೇ, ಸೆಲ್ಲನ್ನು ಹೊರತೆಗೆದಿಟ್ಟು ತುಂಬಿಸುವ ಚಾರ್ಜರ್ ಒಂದು ಮನೆಗೆ ಬಂತು. ಇಂದಿನ ನನ್ನ ಮಾತು ಈ ಚಾರ್ಜರನ್ನು ಕುರಿತದ್ದು.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಮಾತನಾಡಲು ಅಧಿಕಾರವೇನೆಂದು ನೀವು ಕೇಳಬಹುದು. ಅಧಿಕಾರವಿಲ್ಲ, ಅನುಭವವಿದೆ. ಆ ಅನುಭವ ಒಂದು ರಾತ್ರಿ ನಮ್ಮ ಮನೆಯನ್ನೇ ಸುಡುವುದರಲ್ಲಿತ್ತು.

ನಾನು ಆ ಚಾರ್ಜರನ್ನು ಕೊಂಡದ್ದು ಜಾತ್ರೆಯ ಅಂಗಡಿಯೊಂದರಲ್ಲಿ. ‘ಎಲ್ಲ ಬಗೆಯ ಸೆಲ್ಲಿಗೂ ಆಗುತ್ತದೆ’ ಎಂದು ಮಾರುವವನು ಹೇಳಿದ. ಬೆಲೆಯೋ ಎರಡು ಕಾಫಿಗಿಂತ ತುಸು ಹೆಚ್ಚು. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರೆಂಬ ಗಾದೆಯನ್ನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದವನು ನಾನು; ವಿವರಿಸುವುದು ಬೇರೆ, ಪಾಲಿಸುವುದು ಬೇರೆ. ೨೦೨೨ರ ಆಷಾಢದ ಒಂದು ರಾತ್ರಿ, ತೋಟಕ್ಕೆ ಒಯ್ಯುವ ನನ್ನ ಟಾರ್ಚಿನ ಲಿಥಿಯಂ ಸೆಲ್ಲನ್ನು ಅದರಲ್ಲಿಟ್ಟು, ತಾಯಿಯವರ ಕೋಣೆಯ ಮರದ ಹಲಗೆಯ ಮೇಲಿನ ಪ್ಲಗ್ಗಿಗೆ ಸಿಕ್ಕಿಸಿ ಮಲಗಿದೆ. ನಡುರಾತ್ರಿ ದಾಟಿ ಎರಡು ಗಂಟೆಯ ಹೊತ್ತಿಗೆ ತಾಯಿ ಕೂಗಿದರು: ‘ಏನೋ ವಾಸನೆ, ನೋಡು.’ ಹೋಗಿ ನೋಡಿದರೆ ಚಾರ್ಜರಿನ ಪ್ಲಾಸ್ಟಿಕ್ಕು ಮೇಣದಂತೆ ಬಾಗಿತ್ತು. ಸೆಲ್ಲಿನ ಹತ್ತಿರ ಕೈ ಒಯ್ಯಲಾಗದಷ್ಟು ಕಾವು. ಅದರಿಂದ ನಾಲ್ಕು ಬೆರಳು ಆಚೆಗೆ, ದೇವರ ದೀಪಕ್ಕೆಂದು ತಾಯಿ ಹೊಸೆದಿಟ್ಟ ಹತ್ತಿಬತ್ತಿಗಳ ಬುಟ್ಟಿ. ಗೋಡೆಯ ಸ್ವಿಚ್ಚನ್ನು ಆರಿಸಿ, ಬುಟ್ಟಿಯನ್ನು ಎಳೆದೆಸೆದು, ತಾಯಿಯವರನ್ನು ಜಗುಲಿಗೆ ಕರೆತಂದು ಕೂರಿಸಿದೆ. ಸೆಲ್ಲು ಸಿಡಿಯಲಿಲ್ಲ. ಸಿಡಿದಿದ್ದರೆ ಎಂಬ ಪ್ರಶ್ನೆಯನ್ನು ಆ ರಾತ್ರಿ ನಾವಿಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಎಲೆಕ್ಟ್ರಾನಿಕ್ಸ್ ಅಧ್ಯಾಪಕಿ. ಒಂದು ಕಾಲಕ್ಕೆ ನನ್ನಿಂದ ಹಳಗನ್ನಡದ ಪದ್ಯಗಳನ್ನು ಕಲಿತವಳು. ಆ ವಾರ ಗುರುಶಿಷ್ಯರ ಸ್ಥಾನ ಅದಲುಬದಲಾಯಿತು. ಬಾಗಿದ ಪೆಟ್ಟಿಗೆಯನ್ನು ಅವಳು ಬಿಚ್ಚಿ ತೋರಿಸಿದಳು. ಒಳಗೆ ಅಂಗೈಗಿಂತ ಚಿಕ್ಕದಾದ ಒಂದು ಹಲಗೆ, ಅದರ ಮೇಲೆ ಬೆರಳೆಣಿಕೆಯ ಬಿಡಿಭಾಗಗಳು. ಸೆಲ್ಲು ತುಂಬಿದಾಗ ಕೆಂಪು ದೀಪ ಹಸಿರಾಗುತ್ತಿತ್ತು ನಿಜ. ಆದರೆ ದೀಪದ ಬಣ್ಣ ಬದಲಾಗುತ್ತಿತ್ತೇ ಹೊರತು ವಿದ್ಯುತ್ ಪ್ರವಾಹ ನಿಲ್ಲುತ್ತಿರಲಿಲ್ಲ. ‘ಸರ್, ಇದರಲ್ಲಿ ತುಂಬುವವರಿದ್ದಾರೆ, ನಿಲ್ಲಿಸುವವರಿಲ್ಲ’ ಎಂದಳು. ಈ ವಿಷಯದಲ್ಲಿ ನಾನು ಕಲಿತದ್ದೆಲ್ಲ ಆ ಒಂದು ಮಾತಿನ ವ್ಯಾಖ್ಯಾನವೇ.

ತುಂಬುವುದಕ್ಕಿಂತ ನಿಲ್ಲಿಸುವುದು ಏಕೆ ಮುಖ್ಯವೆಂಬುದನ್ನು ತಿಳಿಯಲು ಸೆಲ್ಲಿನೊಳಗೆ ನಡೆಯುವುದೇನೆಂದು ಸ್ವಲ್ಪ ನೋಡಬೇಕು. ವಿಜ್ಞಾನದ ಪುಸ್ತಕಗಳಲ್ಲಿ ಸೆಲ್ಲಿಗೆ ವಿದ್ಯುತ್ಕೋಶವೆಂದು ಹೆಸರು. ಕೋಶವೆಂದರೆ ಭಂಡಾರ. ಆದರೆ ಈ ಭಂಡಾರದಲ್ಲಿ ಕೂಡಿಟ್ಟಿರುವುದು ವಿದ್ಯುತ್ತಲ್ಲ, ರಾಸಾಯನಿಕ ಶಕ್ತಿ. ನಾವು ಬಳಸುವಾಗ ಒಳಗಿನ ದ್ರವ್ಯಗಳು ಒಂದು ದಿಕ್ಕಿನಲ್ಲಿ ಮಾರ್ಪಡುತ್ತವೆ. ವಿದ್ಯುತ್ತು ಹೊರಗೆ ಹರಿಯುತ್ತದೆ. ೧೮೦೦ರಲ್ಲಿ ಇಟಲಿಯ ವೋಲ್ಟಾ ರಚಿಸಿದ ಕೋಶಸ್ತಂಭದಲ್ಲಿ ಈ ಮಾರ್ಪಾಡು ಮುಗಿದರೆ ಮುಗಿಯಿತು. ೧೮೫೯ರಲ್ಲಿ ಫ್ರಾನ್ಸಿನ ಪ್ಲಾಂಟೆ ಸೀಸ ಮತ್ತು ಆಮ್ಲದ ಕೋಶವನ್ನು ಮಾಡಿದಾಗ, ಹೊರಗಿನಿಂದ ವಿದ್ಯುತ್ತನ್ನು ಹಿಂದಕ್ಕೆ ಹರಿಸಿ ದ್ರವ್ಯಗಳನ್ನು ಮೊದಲ ಸ್ಥಿತಿಗೆ ತರಬಹುದೆಂಬುದು ಕಾರ್ಯತಃ ಸಿದ್ಧವಾಯಿತು. ೧೮೯೯ರಲ್ಲಿ ಸ್ವೀಡನ್ನಿನ ಯೂಂಗ್ನರ್ ನಿಕಲ್ ಮತ್ತು ಕ್ಯಾಡ್ಮಿಯಂಗಳ ಕೋಶವನ್ನು ರೂಪಿಸಿದ. ಇಂದು ನಮ್ಮ ಮನೆಗಳಲ್ಲಿ ಹೊರತೆಗೆದು ತುಂಬಿಸುವ ಸೆಲ್ಲುಗಳು ಮುಖ್ಯವಾಗಿ ಎರಡು ಬಗೆ. ಒಂದು, ನಿಕಲ್ ಮೆಟಲ್ ಹೈಡ್ರೈಡ್. ರೇಡಿಯೋ, ಗೋಡೆ ಗಡಿಯಾರ, ಮಕ್ಕಳ ಆಟಿಕೆಗಳಲ್ಲಿ ಹಾಕುವ ಪೆನ್ಸಿಲ್ ಸೆಲ್ಲುಗಳು ಬಹುಮಟ್ಟಿಗೆ ಇವೇ. ಇನ್ನೊಂದು ಲಿಥಿಯಂ ಅಯಾನ್. ೧೯೯೧ರಲ್ಲಿ ಜಪಾನಿನ ಸೋನಿ ಸಂಸ್ಥೆ ಮೊದಲು ಮಾರುಕಟ್ಟೆಗೆ ತಂದದ್ದು. ಇದಕ್ಕೆ ದಾರಿ ಮಾಡಿಕೊಟ್ಟ ಗುಡ್‌ಎನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಎಂಬ ಮೂವರಿಗೆ ೨೦೧೯ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಅವರಲ್ಲಿ ಹಿರಿಯರಾದ ಗುಡ್‌ಎನಫ್ ಅವರಿಗೆ ಆಗ ೯೭ ವರ್ಷ. ಅವರ ಹೆಸರಿನ ಅರ್ಥ ಕನ್ನಡದಲ್ಲಿ ‘ಇಷ್ಟು ಸಾಕು’ ಎಂದಾಗುತ್ತದೆಂಬುದು ನನಗೆ ಒಂದು ಸೋಜಿಗ.

ಈ ಎರಡು ಬಗೆಯ ಕೋಶಗಳೂ ‘ನನಗಿನ್ನು ಸಾಕು’ ಎಂದು ಹೇಳುತ್ತವೆ. ಆದರೆ ಎರಡರ ಭಾಷೆ ಬೇರೆ ಬೇರೆ. ನಿಕಲ್ ಕೋಶ ತುಂಬುತ್ತ ಹೋದಂತೆ ಅದರ ವೋಲ್ಟೇಜು ಮೆಲ್ಲಗೆ ಏರುತ್ತದೆ. ಪೂರ್ತಿ ತುಂಬಿದ ಕ್ಷಣದಲ್ಲಿ ಏರಿಕೆ ನಿಂತು, ಕೆಲವೇ ಮಿಲಿವೋಲ್ಟುಗಳಷ್ಟು ಇಳಿಯುತ್ತದೆ; ಅದೇ ಹೊತ್ತಿಗೆ ಮೈ ಬೆಚ್ಚಗಾಗತೊಡಗುತ್ತದೆ. ಆ ಕಿರುದನಿಯನ್ನು ಕೇಳಿಸಿಕೊಂಡು ನಿಲ್ಲಿಸಬೇಕು. ಕೇಳಿಸಿಕೊಳ್ಳದೆ ತುಂಬುತ್ತಲೇ ಹೋದರೆ, ಒಳಗೆ ಸೇರಿದ ವಿದ್ಯುತ್ತೆಲ್ಲ ಅನಿಲವೂ ಕಾವೂ ಆಗಿ ಪರಿಣಮಿಸಿ ಕೋಶದ ಆಯುಸ್ಸು ಸವೆಯುತ್ತದೆ. ಲಿಥಿಯಂ ಕೋಶದ ರೀತಿ ಬೇರೆ. ಅದರ ವೋಲ್ಟೇಜು ೪.೨ಕ್ಕೆ ಬರುವವರೆಗೆ ಒಂದೇ ಸಮನಾದ ಪ್ರವಾಹವನ್ನು ಕೊಡಬೇಕು. ಅಲ್ಲಿಂದ ಮುಂದೆ ವೋಲ್ಟೇಜನ್ನು ಅಲ್ಲಿಯೇ ಹಿಡಿದಿಟ್ಟು, ಪ್ರವಾಹ ತಾನಾಗಿ ಕ್ಷೀಣಿಸಲು ಬಿಟ್ಟು, ಮೊದಲಿನ ಹತ್ತನೆಯ ಒಂದು ಪಾಲಿಗೋ ಅದಕ್ಕೂ ಕೆಳಕ್ಕೋ ಇಳಿದಾಗ ಪೂರ್ತಿ ಕಡಿದುಬಿಡಬೇಕು. ೪.೨ರ ಗೆರೆಯನ್ನು ದಾಟಿ ನೂಕಿದರೆ ಒಳಗೆ ಲಿಥಿಯಂ ಲೋಹ ಬೇಡದ ಕಡೆ ಶೇಖರವಾಗುತ್ತದೆ. ಧನ ತುದಿಯ ದ್ರವ್ಯ ಒಡೆದು ಆಮ್ಲಜನಕವನ್ನು ಬಿಡುತ್ತದೆ. ಒಳಗಿನ ದ್ರಾವಣವೋ ಬೆಂಕಿಗೆ ಎಣ್ಣೆಯಿದ್ದಂತೆ. ಕಾವು ಕಾವನ್ನು ಹೆರುತ್ತ ಹೋಗಿ ಕೊನೆಗೆ ಜ್ವಾಲೆಯಾಗುತ್ತದೆ. ನನ್ನ ಜಾತ್ರೆಯ ಚಾರ್ಜರಿನ ತುದಿಗಳಿಗೆ ಮೀಟರ್ ಹಿಡಿದಾಗ ಅದು ೫ಕ್ಕೂ ಮಿಕ್ಕಿ ತೋರಿಸಿತು. ಅತಿಯಾದರೆ ಅಮೃತವೂ ವಿಷವೆಂಬುದು ಇಲ್ಲಿ ಬರಿಯ ನೀತಿಯಲ್ಲ, ರಸಾಯನಶಾಸ್ತ್ರ.

ಹಾಗಾದರೆ ಚಾರ್ಜರನ್ನು ಆರಿಸುವಾಗ ನೋಡತಕ್ಕದ್ದೇನು? ಮೊದಲನೆಯದಾಗಿ, ಅದು ಯಾವ ಬಗೆಯ ಕೋಶಕ್ಕಾಗಿ ಆದದ್ದೆಂಬುದು ಅದರ ಮೈಮೇಲೆಯೋ ಜೊತೆಯ ಪತ್ರದಲ್ಲಿಯೋ ಸ್ಪಷ್ಟವಾಗಿ ಬರೆದಿರಬೇಕು. ‘ಎಲ್ಲಕ್ಕೂ ಆಗುತ್ತದೆ’ ಎಂಬ ಮಾತು ಸಾಲದು. ನಿಕಲ್ ಕೋಶದ ವೋಲ್ಟೇಜು ೧.೨, ಲಿಥಿಯಂ ಅಯಾನಿನದು ೩.೬ ಅಥವಾ ೩.೭. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಪ್ರಭೇದದ್ದು ೩.೨, ಅದನ್ನು ೩.೬೫ಕ್ಕೇ ನಿಲ್ಲಿಸಬೇಕು, ೪.೨ ಅದಕ್ಕೆ ವಿಪರೀತ. ಎರಡು ಬಗೆಗೂ ಸಲ್ಲುವ ಒಳ್ಳೆಯ ಚಾರ್ಜರುಗಳು ಉಂಟು. ಅವು ಕೋಶವನ್ನು ಇಟ್ಟೊಡನೆ ಅದು ಯಾವುದೆಂದು ತಾವೇ ಪರೀಕ್ಷಿಸುತ್ತವೆ, ಇಲ್ಲವೆ ನಮ್ಮನ್ನು ಆರಿಸಲು ಕೇಳುತ್ತವೆ. ಮನೆಯಲ್ಲಿ ಬರಿಯ ಪೆನ್ಸಿಲ್ ಸೆಲ್ಲುಗಳಿದ್ದರೆ ನಿಕಲ್ಲಿಗೆಂದೇ ಮಾಡಿದ ಚಾರ್ಜರು ಸಾಕು. ಅದೇ ನಿಶ್ಚಿಂತೆ ಕೂಡ. ಇಲ್ಲೊಂದು ಎಚ್ಚರಿಕೆ ಹೇಳಬೇಕು. ೧೪೫೦೦ ಎಂದು ಗುರುತು ಹಾಕಿದ ಲಿಥಿಯಂ ಕೋಶ ನೋಡಲು ಪೆನ್ಸಿಲ್ ಸೆಲ್ಲಿನ ಅವಳಿಯಂತಿರುತ್ತದೆ. ಅದನ್ನು ರೇಡಿಯೋದೊಳಗೆ ಹಾಕಿದರೆ ಎರಡೂವರೆ ಪಟ್ಟು ವೋಲ್ಟೇಜು ಹರಿದು ರೇಡಿಯೋ ಕೆಡುತ್ತದೆ. ೧.೫ ವೋಲ್ಟ್ ಎಂದು ಬರೆದಿರುವ ಲಿಥಿಯಂ ಪೆನ್ಸಿಲ್ ಸೆಲ್ಲುಗಳೂ ಈಗ ಬಂದಿವೆ. ಅವಕ್ಕೆ ಅವುಗಳದೇ ಚಾರ್ಜರು ಆಗಬೇಕು. ಇನ್ನು ಒಮ್ಮೆ ಬಳಸಿ ಎಸೆಯತಕ್ಕ ಆಲ್ಕಲೈನ್ ಮತ್ತು ಸತುವಿನ ಸೆಲ್ಲುಗಳನ್ನು ಯಾವ ಚಾರ್ಜರಿಗೂ ಇಡಕೂಡದು. ನಾನು ಹುಡುಗನಾಗಿದ್ದಾಗ ಸೋತ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೊಂದೆರಡು ದಿನ ದುಡಿಸುತ್ತಿದ್ದೆವು. ಆ ಜಿಪುಣತನ ಬಿಸಿಲಿನಲ್ಲಿ ನಡೆಯಿತು, ಚಾರ್ಜರಿನಲ್ಲಿ ನಡೆಯದು. ಅವು ಸೋರುತ್ತವೆ, ಕೆಲವೊಮ್ಮೆ ಒಡೆಯುತ್ತವೆ.

ಎರಡನೆಯದು, ಪ್ರತಿಯೊಂದು ಕೋಶವನ್ನೂ ಅದು ಬೇರೆ ಬೇರೆಯಾಗಿ ನೋಡಿಕೊಳ್ಳಬೇಕು. ಅಗ್ಗದ ಚಾರ್ಜರುಗಳಲ್ಲಿ ಎರಡೆರಡನ್ನು ಜೊತೆಮಾಡಿ ಒಂದೇ ಸರಪಳಿಯಲ್ಲಿ ತುಂಬುತ್ತಾರೆ. ಒಂದು ಅರ್ಧ ತುಂಬಿದ್ದು, ಇನ್ನೊಂದು ಬರಿದಾಗಿದ್ದರೆ, ಬರಿದಾದದ್ದಕ್ಕೆ ಹೊಟ್ಟೆ ತುಂಬುವ ವೇಳೆಗೆ ಮೊದಲಿನದಕ್ಕೆ ಅಜೀರ್ಣವಾಗಿರುತ್ತದೆ. ತರಗತಿಯಲ್ಲಿ ನಲವತ್ತು ಮಂದಿಗೂ ಒಂದೇ ಪಾಠ ಹೇಳಿದ ನನಗೆ ಈ ದೋಷ ಚೆನ್ನಾಗಿ ಪರಿಚಿತ. ನಾಲ್ಕು ಮನೆಗಳಿದ್ದರೆ ನಾಲ್ಕಕ್ಕೂ ಬೇರೆ ಬೇರೆ ದೀಪವೋ ಅಂಕಿಯೋ ಇರುವುದು, ಒಂದೇ ಸೆಲ್ಲನ್ನು ಇಟ್ಟರೂ ಕೆಲಸ ಮಾಡುವುದು, ಇವು ಒಳ್ಳೆಯ ಲಕ್ಷಣ.

ಮೂರನೆಯದು, ವೇಗ. ಕೋಶದ ಮೇಲೆ ೨೦೦೦ ಮಿಲಿ ಆಂಪೇರ್ ಗಂಟೆ ಎಂದು ಬರೆದಿದೆಯೆನ್ನಿ. ಅದಕ್ಕೆ ೨೦೦ ಮಿಲಿ ಆಂಪೇರಿನ ಸಣ್ಣ ಪ್ರವಾಹ ಕೊಟ್ಟರೆ ತುಂಬಲು ಸುಮಾರು ೧೬ ಗಂಟೆ ಬೇಕು. ಹತ್ತಕ್ಕೆ ಹದಿನಾರು ಆಗುವುದು ನಡುವೆ ನಷ್ಟವಿರುವುದರಿಂದ. ಹಳೆಯ ನಿಧಾನದ ಚಾರ್ಜರುಗಳು ಹೀಗೆಯೇ. ಅವು ತಾವಾಗಿ ನಿಲ್ಲುವುದಿಲ್ಲ. ಗಡಿಯಾರ ನೋಡಿ ನಾವು ನಿಲ್ಲಿಸಬೇಕು. ಮರೆವು ಮನುಷ್ಯನಿಗೆ ಸಹಜವಾದ್ದರಿಂದ ಅವುಗಳನ್ನು ನಾನು ಶಿಫಾರಸು ಮಾಡಲಾರೆ. ಅರ್ಧ ಗಂಟೆಯಲ್ಲಿ ತುಂಬಿಸುತ್ತೇನೆನ್ನುವ ಅವಸರದ ಯಂತ್ರವೂ ನಮಗೆ ಬೇಡ. ಅದು ಕೋಶವನ್ನು ಕಾಯಿಸುತ್ತದೆ, ಬೇಗ ಮುಪ್ಪಾಗಿಸುತ್ತದೆ. ಇಂಥ ಪೆನ್ಸಿಲ್ ಕೋಶಕ್ಕೆ ೫೦೦ರಿಂದ ೧೦೦೦ ಮಿಲಿ ಆಂಪೇರು ಹಿತವಾದ ನಡಿಗೆ. ತೀರ ಮೆಲ್ಲಗೆ ತುಂಬಿದರೆ ನಾನು ಆಗಲೇ ಹೇಳಿದ ಆ ಕಿರುದನಿ, ಕೊನೆಯ ಇಳಿಕೆ, ಚಾರ್ಜರಿಗೆ ಕೇಳಿಸುವುದೇ ಇಲ್ಲ. ಇನ್ನೂ ಸಣ್ಣ ಸೆಲ್ಲುಗಳಿಗೆ ಇದರ ಅರ್ಧ ಸಾಕು. ಪ್ರವಾಹವನ್ನು ಆರಿಸಿಕೊಳ್ಳುವ ಅನುಕೂಲವಿದ್ದರೆ ಲೇಸು.

ನಾಲ್ಕನೆಯದು, ಒಂದು ಬಾಗಿಲು ತೆರೆದುಹೋದರೂ ಇನ್ನೊಂದು ಮುಚ್ಚಿರುವ ವ್ಯವಸ್ಥೆ. ವೋಲ್ಟೇಜನ್ನು ನೋಡಿ ನಿಲ್ಲಿಸುವುದು ಮೊದಲ ಕಾವಲು. ಕಾವನ್ನು ಅಳೆದು ನಿಲ್ಲಿಸುವುದು ಎರಡನೆಯದು. ಎಷ್ಟೇ ಆದರೂ ಇಷ್ಟು ಗಂಟೆಯ ಮೇಲೆ ನಡೆಸೆನೆಂಬ ಕಾಲಮಿತಿ ಮೂರನೆಯದು. ಕೋಶವನ್ನು ತಲೆಕೆಳಗಾಗಿ ಇಟ್ಟರೆ ಒಲ್ಲೆನೆನ್ನುವುದು ನಾಲ್ಕನೆಯದು. ಈ ನಾಲ್ಕೂ ಇರುವುದನ್ನು ಪತ್ರದಲ್ಲಿ ಓದಿ ಕೊಳ್ಳಿ. ನನ್ನಂತೆ ಮಸುಕುಗಣ್ಣಿನವರು ಮೊಮ್ಮಕ್ಕಳಿಂದ ಓದಿಸಿಕೊಳ್ಳಬಹುದು.

ಐದನೆಯದು ನಮ್ಮ ಜೀವಕ್ಕೆ ನೇರವಾಗಿ ಸಂಬಂಧಿಸಿದ್ದು. ಗೋಡೆಯಿಂದ ಬರುವುದು ೨೩೦ ವೋಲ್ಟು. ಸೆಲ್ಲಿಗೆ ಬೇಕಾದದ್ದು ಅದರ ಒಂದು ಸಣ್ಣ ಪಾಲು. ಇವೆರಡರ ನಡುವೆ ಭದ್ರವಾದ ತಡೆ ಇರಬೇಕು. ನನ್ನ ಪೆಟ್ಟಿಗೆಯಲ್ಲಿ ಆ ಅಂತರ ಕೂದಲೆಳೆಯಷ್ಟಿತ್ತೆಂದು ಶಿಷ್ಯೆ ತೋರಿಸಿದಾಗ, ಒದ್ದೆ ಕೈಯಲ್ಲಿ ಎಷ್ಟು ಸಲ ಅದರಿಂದ ಸೆಲ್ಲು ತೆಗೆದಿದ್ದೆನೆಂದು ನೆನೆದು ಮೈ ನಡುಗಿತು. ಆದ್ದರಿಂದ ನೇರವಾಗಿ ಗೋಡೆಗೆ ಸಿಕ್ಕಿಸುವ ಹೆಸರಿಲ್ಲದ ಪೆಟ್ಟಿಗೆಗಿಂತ, ಒಳ್ಳೆಯ ಅಡಾಪ್ಟರಿನ ಮೂಲಕ ೫ ಅಥವಾ ೧೨ ವೋಲ್ಟು ಪಡೆದು ನಡೆಯುವ ಚಾರ್ಜರು ಮೇಲು. ನಮ್ಮ ದೇಶದಲ್ಲಿ ೨೦೧೨ರ ಕಡ್ಡಾಯ ನೋಂದಣಿ ಆದೇಶ ಬಂದ ಮೇಲೆ, ಅಡಾಪ್ಟರುಗಳೂ ಮುಂದೆ ಇಂಥ ಪುನರ್ಬಳಕೆಯ ಕೋಶಗಳೂ ಭಾರತೀಯ ಮಾನಕ ಬ್ಯೂರೋದ ನೋಂದಣಿಗೆ ಒಳಪಟ್ಟಿವೆ. ಆ ಗುರುತಿನೊಡನೆ ‘ಆರ್’ ಅಕ್ಷರದಿಂದ ತೊಡಗುವ ಒಂದು ಸಂಖ್ಯೆ ಇರುತ್ತದೆ. ಬ್ಯೂರೋದ ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಒತ್ತಿದರೆ ಅದು ಯಾರಿಗೆ ಕೊಟ್ಟದ್ದೆಂದು ತಿಳಿಯುತ್ತದೆ. ಹೆಸರು ತಾಳೆಯಾಗದಿದ್ದರೆ ವಸ್ತುವನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.

ಚಾರ್ಜರು ಎಷ್ಟು ಒಳ್ಳೆಯದಾದರೂ ಕೋಶ ಸುಳ್ಳಾಗಿದ್ದರೆ ಪ್ರಯೋಜನವಿಲ್ಲ. ಟಾರ್ಚುಗಳಲ್ಲಿ ಹಾಕುವ, ೧೮ ಮಿಲಿಮೀಟರ್ ದಪ್ಪ ೬೫ ಮಿಲಿಮೀಟರ್ ಉದ್ದದ ೧೮೬೫೦ ಎಂಬ ಲಿಥಿಯಂ ಕೋಶದಲ್ಲಿ ಹೆಸರಾಂತ ತಯಾರಕರು ಸಾಮಾನ್ಯವಾಗಿ ತುಂಬುವುದು ೨೦೦೦ದಿಂದ ೩೬೦೦ ಮಿಲಿ ಆಂಪೇರ್ ಗಂಟೆಯವರೆಗೆ. ೯೯೦೦ ಎಂದು ಅಚ್ಚುಹಾಕಿದ ಕೋಶ ಕಂಡರೆ, ಅಚ್ಚಾದದ್ದೆಲ್ಲ ಸತ್ಯವಲ್ಲವೆಂದು ತಿಳಿಯಿರಿ. ಪುಸ್ತಕಗಳ ನಡುವೆ ಬಾಳಿದವನ ಮಾತಿದು. ಹೊದಿಕೆ ಹರಿದ, ಉಬ್ಬಿದ, ನೆಗ್ಗಿದ, ಬಹುಕಾಲ ಪೂರ್ತಿ ಬರಿದಾಗಿ ಬಿದ್ದಿದ್ದ ಲಿಥಿಯಂ ಕೋಶವನ್ನು ಬದುಕಿಸಲು ಹೋಗಬೇಡಿ. ಅದನ್ನು ಮನೆಯ ಕಸಕ್ಕೂ ಹಾಕಬೇಡಿ. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂಪಡೆಯುವ ಹೊಣೆ ತಯಾರಕರದು. ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಸಂಗ್ರಹ ಮಾಡುವವರಿಗೆ ಒಪ್ಪಿಸಿ.

ಕೊಂಡು ತಂದ ಮೇಲೂ ಒಂದು ಪರೀಕ್ಷೆ ಉಳಿದಿದೆ. ಮೊದಲ ಸಲ ತುಂಬಿಸುವಾಗ ಹತ್ತಿರವೇ ಕುಳಿತಿರಿ. ನಿಕಲ್ ಕೋಶ ಕೊನೆಯಲ್ಲಿ ಬೆಚ್ಚಗಾಗುವುದು ಸಹಜ. ಅಂಗೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾದರೆ ಅಸಹಜ. ಲಿಥಿಯಂ ಕೋಶ ಉಗುರುಬೆಚ್ಚಗಿಗಿಂತ ಮೀರಬಾರದು. ತುಂಬಿತೆಂದು ದೀಪ ಹೇಳಿದೊಡನೆ ಲಿಥಿಯಂ ಕೋಶವನ್ನು ತೆಗೆದು ಮಲ್ಟಿಮೀಟರಿನಲ್ಲಿ ಅಳೆಯಿರಿ. ೪.೨ರ ಆಸುಪಾಸಿನಲ್ಲಿದ್ದರೆ ಸರಿ, ೪.೨೫ನ್ನು ದಾಟಿದರೆ ಆ ಚಾರ್ಜರನ್ನು ಮತ್ತೆ ಬಳಸಬೇಡಿ. ಈ ಮೀಟರ್ ದುಬಾರಿಯದಲ್ಲ. ಊರಿನ ಯಾವ ಎಲೆಕ್ಟ್ರಿಷಿಯನ್ನರ ಬಳಿಯೂ ಇರುತ್ತದೆ. ತುಂಬಿಸುವ ಜಾಗ ಕಲ್ಲಿನ ಹಲಗೆಯೋ ಗಾರೆಯ ನೆಲವೋ ಆಗಿರಲಿ. ಹಾಸಿಗೆ, ಪುಸ್ತಕದ ಕಪಾಟು, ದೇವರ ಮಂಟಪ ಆಗದಿರಲಿ. ಎಲ್ಲರೂ ಎಚ್ಚರವಾಗಿರುವ ಹಗಲಿನಲ್ಲಿಯೇ ತುಂಬಿಸಿ. ಒಂದು ವೇಳೆ ಹೊಗೆಯೋ ವಿಚಿತ್ರ ವಾಸನೆಯೋ ಬಂದರೆ, ಸುರಕ್ಷಿತವಾಗಿ ಸಾಧ್ಯವಿದ್ದರೆ ಗೋಡೆಯ ಸ್ವಿಚ್ಚನ್ನು ಆರಿಸಿ, ಮನೆಯವರನ್ನು ಹೊರಗೆ ಕರೆತನ್ನಿ. ಉರಿ ಕಂಡರೆ ೧೧೨ಕ್ಕೆ ಕರೆಮಾಡಿ. ಉರಿಯುವ ಕೋಶವನ್ನು ಕೈಯಲ್ಲಿ ಹಿಡಿದು ಹೊರಗೊಯ್ಯುವ ಸಾಹಸ ಬೇಡ.

ಇಷ್ಟೆಲ್ಲ ಕಟ್ಟುಪಾಡು ಏಕೆ, ಎಸೆಯುವ ಸೆಲ್ಲೇ ವಾಸಿಯಲ್ಲವೆ ಎಂದು ನನ್ನ ನೆರೆಯವರೊಬ್ಬರು ಕೇಳಿದರು. ಒಂದು ಒಳ್ಳೆಯ ನಿಕಲ್ ಕೋಶವನ್ನು ನೂರಾರು ಸಲ ತುಂಬಿಸಬಹುದು. ಅಂದರೆ ನೂರಾರು ಸೆಲ್ಲುಗಳು ನಮ್ಮ ಹಳ್ಳದ ದಂಡೆಗೆ ಬೀಳುವುದು ತಪ್ಪುತ್ತದೆ. ೨೦೦೫ರಲ್ಲಿ ಜಪಾನಿನ ಸ್ಯಾನ್ಯೋ ಸಂಸ್ಥೆ ತಂದ ಬಗೆಯ ಕೋಶಗಳು ತಿಂಗಳುಗಟ್ಟಲೆ ಸುಮ್ಮನಿಟ್ಟರೂ ತುಂಬಿದ್ದರ ಬಹುಪಾಲನ್ನು ಕಾಯ್ದುಕೊಳ್ಳುತ್ತವೆ. ಎರಡು ಜೊತೆ ಇಟ್ಟುಕೊಂಡರೆ, ಒಂದು ರೇಡಿಯೋದಲ್ಲಿರುವಾಗ ಇನ್ನೊಂದು ತುಂಬಿ ಸಿದ್ಧವಾಗಿರುತ್ತದೆ. ಹೊರಗೆ ತೆಗೆದು ತುಂಬಿಸುವ ಚಾರ್ಜರಿನ ನಿಜವಾದ ಉಪಕಾರ ಇದು: ಒಂದು ಜೊತೆ ವಿಶ್ರಾಂತಿಯಲ್ಲಿರುವಾಗಲೂ ಹಾಡು ನಿಲ್ಲುವುದಿಲ್ಲ. ಚಾರ್ಜರನ್ನು ಒಲ್ಲೆನೆನ್ನುವುದು ಪರಿಹಾರವಲ್ಲ. ಒಳ್ಳೆಯದನ್ನು ಆರಿಸುವುದು ಪರಿಹಾರ.

ಕನ್ನಡದಲ್ಲಿ ‘ಸಾಕು’ ಎಂಬ ರೂಪಕ್ಕೆ ಎರಡು ಅರ್ಥಗಳಿವೆಯೆಂದು ನಾನು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆ. ಇನ್ನು ಬೇಡವೆನ್ನುವುದು ಒಂದು, ಪೋಷಿಸುವುದು ಇನ್ನೊಂದು. ಇವೆರಡು ಒಂದೇ ಕಡೆ ಕೂಡಿಬರುವುದನ್ನು ನಾನು ಕಂಡದ್ದು ಒಂದು ಚಾರ್ಜರಿನಲ್ಲಿ. ಎಲ್ಲಿ ಸಾಕೆನ್ನಬೇಕೆಂದು ಅದಕ್ಕೆ ತಿಳಿದಿರುವುದರಿಂದಲೇ ಅದು ಕೋಶವನ್ನು ಸಾಕುತ್ತದೆ.

ಹೊಸ ಚಾರ್ಜರು ಈಗ ನಡುಮನೆಯ ಕಲ್ಲುಗೂಡಿನಲ್ಲಿದೆ. ತಾಯಿಯವರ ಕೋಣೆಗೆ ಅದಕ್ಕೆ ಪ್ರವೇಶವಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ನಾಲ್ಕು ಸೆಲ್ಲುಗಳನ್ನು ಅದರಲ್ಲಿಟ್ಟು ನಾನು ಅಲ್ಲಿಯೇ ಓದುತ್ತ ಕೂರುತ್ತೇನೆ. ಒಂದೊಂದಾಗಿ ನಾಲ್ಕು ದೀಪಗಳೂ ಹಸಿರಾಗುತ್ತವೆ. ಒಳಗಿನಿಂದ ತಾಯಿ, ‘ಆಯಿತೇನೋ?’ ಎಂದು ಕೇಳುತ್ತಾರೆ. ‘ಆಯಿತಮ್ಮ, ಅದೇ ಸಾಕೆಂದಿತು’ ಎನ್ನುತ್ತೇನೆ. ‘ಹಾಗಾದರೆ ತಾ, ವಾರ್ತೆಯ ಹೊತ್ತಾಯಿತು’ ಎನ್ನುತ್ತಾರೆ ಅವರು.